ಯಾರನ್ನ ಕೇಳಿ ಬರದಿ?

ಶ್ರದ್ಧಾಂಜಲಿ ಸಭೆಯಲ್ಲಿ ಐದು ಜನ ಮಾತಾಡಿದರು. ಐದೂ ಜನ ಅವರನ್ನು ‘ಶಾಂತ ಸ್ವಭಾವದವರು’ ಅಂದರು. ಸುಳ್ಳು! ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಒಳ್ಳೆಯದು ಅಂದರೆ ಸುಳ್ಳೇ ಆಗಬೇಕು ಅಂತ ಯಾರು ಹೇಳಿದರು? ಆ ಹೆಂಗಸು ಶಾಂತವಾಗಿದ್ದದ್ದನ್ನು ನಾನು ಕಂಡಿಲ್ಲ. ಮಹಾ ಜಗಳಗಂಟಿ. ಆ ಜಗಳಗಂಟಿತನಕ್ಕೇ ನಾನು ಅವರನ್ನು ಪ್ರೀತಿಸಿದ್ದು, ಹೆದರಿದ್ದೂ ಅದಕ್ಕೇ. ಅವರನ್ನು ಹೀಗೆ ನಯವಾಗಿ ಮಡಚಿ ಪೆಟ್ಟಿಗೆಗೆ ಹಾಕುವುದನ್ನು ನೋಡಿಕೊಂಡು ಸುಮ್ಮನಿರಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, ನನ್ನ ಕೇಳಿದೇನು ಅಂತ ತರಾಟೆಗೆ ತೆಗೆದುಕೊಂಡಾರು. ಪುಣೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದ ಅವರನ್ನು ಎಲ್ಲರೂ ಮರಾಠಿಯಲ್ಲಿ ಗೌರವದಿಂದ ಬಾಯಿ ಅನ್ನುತ್ತಿದ್ದರು. ನಾನು ವಿಜಾಪುರದವಳು, ಬಾಯಾರ ಅನ್ನುತ್ತಿದ್ದೆ. ಇಲ್ಲೂ ಅಷ್ಟೇ ಇರಲಿ.

ತೊಂಬತ್ತರ ದಶಕದ ನಡುವೆ ನಾನು ಪೆಥಾಲಜಿ ಎಂ.ಡಿ. ಓದಲು ಅಲ್ಲಿಗೆ ಸೇರಿದೆ. ಮೊದಲನೇ ದಿನವೇ ಬೈಸಿಕೊಂಡೆ. ರೋಗಿಯ ದೇಹದಿಂದ ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ, ಅದನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹಚ್ಚುತ್ತಾರೆ. ಕೊಯ್ಯುವ ಯಂತ್ರದ ಅಲಗನ್ನು, ಎಷ್ಟು ಚೂಪಿದೆ ನೋಡೋಣ ಅಂತ ಮುಟ್ಟಿದೆ. ಹಿಂದಿನಿಂದ ಮರಾಠಿಯಲ್ಲಿ ಗುಡುಗು ಬಿತ್ತು. ನಾನು ಗಾಬರಿಯಾಗಿ, “ಅಯ್ಯೋ ಶಿವನ” ಅಂದುಬಿಟ್ಟೆ.

“ಯಾವೂರು?” ಅಂತ ನಮ್ಮ ಕಡೆಯ ಕನ್ನಡದಲ್ಲಿ ಕೇಳಿದರು.

“ವಿಜಾಪುರ್ರಿ.”

“ಹಂಗಂತ ಸಲಿಗಿ ತಗೋಬ್ಯಾಡ. ಆ ಅಲಗಿಗೆ ನಾ ಒಬ್ಬಾಕಿನ ಕೈ ಹಚ್ಚೂದು. ಸರ್ ಸುದ್ದಾ ಮುಟ್ಟೂದಿಲ್ಲ. ತಿಳೀತಿಲ್ಲೋ?”

ತಿಳಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಕಡೆ ನೋಡದೆ ಡಬ್ಬಿಯನ್ನು ಮೇಜಿನ ಮೇಲೆ ಸರಿಸಿದರು. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ. ನಾಲ್ಕು ದಿನದಿಂದ ಹಾಸ್ಟೆಲ್ಲಿನ ಮೆಸ್ಸಿನ ಸಿಹಿ ಸಾರು ಉಂಡು ಸಾಕಾಗಿದ್ದ ನನಗೆ ಕಣ್ಣಲ್ಲಿ ನೀರು ಬಂತು. “ಖಾರ ಹತ್ತಿತೇನು?” ಅಂದರು. ಹೌದು ಅಂದೆ.

ಅವರು ಕೊಯ್ಯುವಾಗ ಉಸಿರು ಹಿಡಿಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿದು, ಮೇಣದ ಬಿಲ್ಲೆಯನ್ನು ಮಂಜುಗಡ್ಡೆಯ ಮೇಲಿಟ್ಟು ತಣ್ಣಗೆ ಮಾಡಿ, ಚಕ್ರ ತಿರುಗಿಸುತ್ತಿದ್ದರು. ರಿಬ್ಬನ್ನಿನಂತೆ ಒಂದೊಂದೇ ಪದರು ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ವಿಭಾಗದ ಮುಖ್ಯಸ್ಥರು, ನಮ್ಮ ಸರ್, ಫೈಲು ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು. ಬಾಯಿಯವರ ಗಂಡ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಗುಮಾಸ್ತರು, ಬಹಳ ಮೆದು ಮನುಷ್ಯ. ಒಮ್ಮೆ ಆಸ್ಪತ್ರೆಗೆ ಬಂದಿದ್ದರು. ಈಕೆ ಕೊಯ್ಯುವುದು ಮುಗಿಯುವವರೆಗೆ ಅವರೂ ಸರ್ ಪಕ್ಕದಲ್ಲಿ ನಿಂತು ಕಾದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಥೀಸಿಸ್ಸಿಗೆ ಸರ್ ಕೊಟ್ಟ ವಿಷಯ ಮೂತ್ರಕೋಶದ ಕ್ಯಾನ್ಸರ್. ಪಿ-೫೩ ಅನ್ನುವ ಒಂದು ಪ್ರೋಟೀನು ಎಲ್ಲರ ಜೀವಕೋಶಗಳಲ್ಲೂ ಇರುತ್ತದೆ. ಕೋಶ ದಾರಿ ತಪ್ಪದಂತೆ ಕಾಯುವುದು ಅದರ ಕೆಲಸ. ಆ ಕಾವಲುಗಾರನೇ ಕೆಟ್ಟರೆ ಕೋಶದ ನಡುವೆ ಗುಡ್ಡೆಬಿದ್ದು ಕೂರುತ್ತದೆ. ಅದಕ್ಕೆ ತಕ್ಕ ಔಷಧಿ ಹಾಕಿದರೆ ಗಾಜಿನ ಮೇಲೆ ಕಂದು ಬಣ್ಣ ಏಳುತ್ತದೆ. ಕಂದು ಬಣ್ಣ ಬಂದ ರೋಗಿಗಳ ಗತಿ ಏನಾಗುತ್ತದೆ, ಬಾರದವರದು ಏನಾಗುತ್ತದೆ, ಬಣ್ಣ ನೋಡಿ ಮುಂದಿನದನ್ನು ಹೇಳಬಹುದೇ? ಆಗ ಎಲ್ಲರೂ ಇದರ ಹಿಂದೆ ಬಿದ್ದಿದ್ದರು. ಸರ್ ಅಂತೂ ಕನಸಿನಲ್ಲೂ ಅದನ್ನೇ ಕಾಣುತ್ತಿದ್ದರು.

ಬಣ್ಣ ಏಳಬೇಕಾದರೆ ಗಾಜುಗಳನ್ನು ಮೊದಲು ಚೆನ್ನಾಗಿ ಕುದಿಸಬೇಕು. ಅದಕ್ಕೆ ಬೇಕಾದ ಸಲಕರಣೆ ನಮ್ಮಲ್ಲಿರಲಿಲ್ಲ, ಅರ್ಜಿ ಹಾಕಿದರೆ ವರ್ಷ ಹಿಡಿಯುತ್ತಿತ್ತು. ಬಾಯಿಯವರು ಮರುದಿನ ಸಿಟಿ ಬಸ್ಸಿನಲ್ಲಿ ಮನೆಯ ಪ್ರೆಶರ್ ಕುಕ್ಕರ್ ತೊಡೆಯ ಮೇಲಿಟ್ಟುಕೊಂಡು ಬಂದರು. ಹಿಂದಿನ ಸಂಜೆಯವರೆಗೆ ಅನ್ನ ಬೇಯಿಸಿದ ಕುಕ್ಕರು! ಸೀಟಿ ಕೂಗಿದಾಗ ಇಡೀ ಕಾರಿಡಾರು ಬೇಳೆ ಬೇಯುತ್ತಿದೆ ಅಂದುಕೊಂಡಿತು. ಮೂರು ವಾರ ಗಾಜುಗಳನ್ನು ಸುಟ್ಟು, ಹಾಳು ಮಾಡಿ, ಮತ್ತೆ ಕೊಯ್ದು, ಕೊನೆಗೊಂದು ದಿನ ಸೂಕ್ಷ್ಮದರ್ಶಕದಲ್ಲಿ ಕಂದು ಚುಕ್ಕೆಗಳು ಸ್ಪಷ್ಟವಾಗಿ ಎದ್ದವು. ಸರ್ ಕುಣಿದಾಡಿದರು. ಬಾಯಿಯವರು ಮಾತ್ರ, “ಮನ್ಯಾಗ ಈಗ ಹೊಸ ಕುಕ್ಕರ್ ತರಬೇಕು. ಇದ್ರಾಗ ಮತ್ತ ಅನ್ನಕ್ಕಿಡಾಕಿ ಅಲ್ಲ ನಾ” ಅಂದರು.

ಗಾಜಿನ ಕೆಲಸ ಮುಗಿಯಿತು. ಉಳಿದದ್ದು ರೋಗಿಗಳ ಗತಿ. ಗಾಜಿನ ಮೇಲಿದ್ದವೆಲ್ಲ ನಾಲ್ಕು ವರ್ಷದ ಹಿಂದೆ ಆಪರೇಷನ್ ಆದವರ, ಮೇಣದಲ್ಲಿ ಉಳಿಸಿಟ್ಟ ತುಣುಕುಗಳು. ಆಪರೇಷನ್ ಆಗಿ ಹೋದವರಿಗೆಲ್ಲ ವಿಭಾಗದಿಂದ ವರ್ಷಕ್ಕೊಂದು ಕಾರ್ಡು ಹೋಗುತ್ತಿತ್ತು: ಹೇಗಿದ್ದೀರಿ, ತಿಳಿಸಿ. ಕೆಲವರು ಉತ್ತರ ಬರೆಯುತ್ತಿದ್ದರು, ಕೆಲವರ ಮನೆಯವರು ಬರೆಯುತ್ತಿದ್ದರು. ಒಂಬತ್ತು ಜನರಿಂದ ಏನೂ ಬಂದಿರಲಿಲ್ಲ. ಸರ್ ಹತ್ತಿರ ಹೋಗಿ, ಇವರನ್ನು ಏನು ಮಾಡಲಿ ಅಂತ ಕೇಳಿದೆ. ಒಂಬತ್ತರಲ್ಲಿ ಎಂಟು ಜನರ ಗಾಜಿನಲ್ಲಿ ಕಂದು ಬಣ್ಣ ಇರಲಿಲ್ಲ. “ತೊಂದರೆ ಇದ್ದಿದ್ದರೆ ಬರುತ್ತಿದ್ದರು. ಆರಾಮ ಅಂತ ಬರೆ” ಅಂದರು. ಒಬ್ಬನ ಗಾಜು ಕಂದಿನಲ್ಲಿ ಅದ್ದಿ ತೆಗೆದಂತಿತ್ತು. “ಇವನು ಎಲ್ಲಿ ಉಳಿಯುತ್ತಾನೆ? ಮೃತ ಅಂತ ಬರೆ.”

ಬರೆದೆ. ಹೌದು, ನಾನೇ, ಈ ಕೈಯಿಂದಲೇ. ಥೀಸಿಸ್ ಕೊಡಲು ಎರಡು ತಿಂಗಳಿತ್ತು. ವಿಜಾಪುರದಲ್ಲಿ ಮಾಸ್ತರರಾಗಿದ್ದ ಅಪ್ಪ, ಮಗಳು ಈ ಸಲ ಮುಗಿಸುತ್ತಾಳೆ ಅಂತ ಊರ ತುಂಬ ಹೇಳಿಕೊಂಡು ಬಂದಿದ್ದರು. ಕೋಷ್ಟಕ ಎಷ್ಟು ಚಂದ ಕಾಣಿಸಿತು ಗೊತ್ತೇ? ಕಂದು ಬಂದವರು ಹೋದರು, ಬಾರದವರು ಉಳಿದರು. ಭವಿಷ್ಯ ಹೇಳುವ ಪರೀಕ್ಷೆಗೆ ಉತ್ತರವನ್ನೂ ನಾವೇ ಬರೆದುಕೊಂಡಿದ್ದೆವು.

ಬಾಯಿಯವರು ಇನ್ಯಾವುದೋ ನಂಬರು ಹುಡುಕಲು ನನ್ನ ರಿಜಿಸ್ಟರು ತೆಗೆದರು. ಒಂದು ಪುಟದಲ್ಲಿ ಬೆರಳು ನಿಂತಿತು.

“ಇವ್ರು ಆರಾಮ ಅದಾರಂತ ಯಾರನ್ನ ಕೇಳಿ ಬರದಿ?”

“ಸರ್ ಹೇಳಿದ್ರಿ.”

“ಸರ್‌ನ ಕೇಳ್ಲಿಲ್ಲ ನಾ. ಇವ್ರನ್ನ ಕೇಳಿದೇನು? ಇವ್ರ ಹೇಣತಿನ್ನ ಕೇಳಿದೇನು? ಇಲ್ನೋಡು, ಒಬ್ಬಾತನ್ನ ಸಾಯಿಸೇ ಬಿಟ್ಟೀ! ಯಾರ್ ಹೇಳಿದ್ರು ನಿನಗ, ಯಮಾ ಬಂದು ಹೇಳಿದ್ನೇನು?”

ಉತ್ತರ ಬಾರದವರನ್ನು ಏನು ಮಾಡುವುದು ಬಾಯಾರ ಅಂತ ಗೊಣಗಿದೆ. ಅವರು ರಿಜಿಸ್ಟರನ್ನು ಮುಚ್ಚಲಿಲ್ಲ. ಕನ್ನಡಕ ಏರಿಸಿ ಒಂಬತ್ತೂ ವಿಳಾಸಗಳನ್ನು ಓದಿದರು. ಆಮೇಲೆ ಹಣೆಗೆ ಕೈ ಹೊಡೆದುಕೊಂಡರು. ಒಂಬತ್ತೂ ವಿಳಾಸ ಒಂದೇ. ಸ್ಟೇಷನ್ ಹತ್ತಿರದ, ನಮ್ಮ ಕಡೆಯವರ ಒಂದು ಖಾನಾವಳಿ.

ಆಗಿದ್ದು ಇಷ್ಟು. ದಾಖಲಾಗುವಾಗ ಗುಮಾಸ್ತ ಮರಾಠಿಯಲ್ಲಿ, ಪುಣೆಯಲ್ಲಿ ಎಲ್ಲಿರುತ್ತೀರಿ ಅಂತ ಕೇಳುತ್ತಾನೆ. ಇಂಡಿ, ಸಿಂದಗಿ, ಇಳಕಲ್ಲು ಕಡೆಯಿಂದ ಬಂದ ಪ್ರಾಮಾಣಿಕ ಜನ, ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ್ದಾರೆ. ಪುಣೆಯಲ್ಲಿ ಅವರಿದ್ದದ್ದು ಆ ಖಾನಾವಳಿಯ ಅಟ್ಟದ ಮೇಲೆ. ಊರು ಯಾವುದು ಅಂತ ಯಾರೂ ಕೇಳಲೇ ಇಲ್ಲ.

ಆ ರವಿವಾರ ನನ್ನನ್ನು ಎಳೆದುಕೊಂಡು ಅಲ್ಲಿಗೆ ಹೋದರು. ಖಾನಾವಳಿಯ ಮಾಲಕರು ನಮಸ್ಕಾರ ಮಾಡಿ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಿಂದ ಒಂದು ತಂತಿ ಇಳಿಸಿದರು. ಬಿಲ್ಲು ಚುಚ್ಚುವ ತಂತಿ. ಅದರ ತುಂಬ ನಮ್ಮ ಆಸ್ಪತ್ರೆಯ ಮುದ್ರೆಯಿದ್ದ ಕಾರ್ಡುಗಳು, ಒಂದರ ಮೇಲೊಂದು, ಅಂಚು ಹಳದಿಯಾಗಿ.

“ಉಣ್ಣಾಕ ಬಂದಾಗ ಕೊಡೂಣಂತ ಇಟ್ಟೀನ್ರಿ ಬಾಯಾರ. ಮಂದೀ ಪತ್ರ ಒಗೀಬಾರ್ದಲ್ರಿ?”

“ಬಂದ್ರೇನ್ರಿ ಯಾರರ?”

“ಇಲ್ರಿ. ಆದ್ರ ಒಂದ್ ಮಾತು. ಸೋಮವತಿ ಅಮಾಸಿಗೆ ನಮ್ಮ ಕಡಿ ಮಂದಿ ಜೇಜುರಿ ದೇವ್ರಿಗೆ ಹೊಂಟಾಗ ಇಲ್ಲೇ ಉಣ್ತಾರ. ಯಾವ್ಯಾವ ಊರವ್ರು ಬರ್ತಾರಂತೀರಿ!”

ಬಾಯಿಯವರಿಗೆ ಅಷ್ಟು ಸಾಕಾಯಿತು. ಮುಂದಿನ ಸೋಮವತಿ ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ಹಿಂದಿನ ದಿನ ಬೆಳಗಿನಿಂದ ಅವರು ಖಾನಾವಳಿಯ ಬಾಗಿಲಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಉಣ್ಣಲು ಬಂದವರು ಕೈ ತೊಳೆಯಲೇಬೇಕು, ಅಂದಮೇಲೆ ಅವರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. “ಯಾವೂರವ್ರೀ? ನಿಮ್ಮೂರಾಗ ಇಂಥವ್ರಂತ ಅದಾರೇನ್ರಿ, ನಾಕು ವರ್ಷದ ಹಿಂದ ಪುಣಾದಾಗ ಆಪರೇಷನ್ ಆಗಿತ್ತು?” ನೂರು ಸಲ ಕೇಳಿದರು. ನಾನು ಪಕ್ಕದಲ್ಲಿ ಪೆನ್ಸಿಲು ಹಿಡಿದು ಕೂತಿದ್ದೆ, ನಾಚಿಕೆಯಿಂದ ಕುಗ್ಗಿ. ಡಾಕ್ಟರಾಗಲು ಬಂದವಳು ಖಾನಾವಳಿಯ ನಲ್ಲಿ ಕಾಯುವುದೇ?

ಮಧ್ಯಾಹ್ನ ಸಿಂದಗಿ ಕಡೆಯ ಒಂದು ಗುಂಪು ಬಂತು. ಹೆಸರು ಕೇಳಿದ ಕೂಡಲೇ ಒಬ್ಬ ಹೆಣ್ಣುಮಗಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ನಮ್ಮ ಮಾವಾರ್ರಿ. ಪುಣಾದಿಂದ ಬಂದ ಎಂಟನೇ ತಿಂಗಳಿಗೆ ಹೋದ್ರು. ಯಾಕ್ರಿ ಬಾಯಾರ, ನಮ್ಮಿಂದ ಏನರ ತಪ್ಪಾತೇನು?”

“ತಪ್ಪು ನಮ್ದವ್ವ. ಕೇಳೂದು ನಮ್ಮ ಕೆಲಸಿತ್ತು, ಕೇಳ್ಲಿಲ್ಲ.”

“ಇನ್ನಾ ಅವ್ರ ಹೆಸರು ದವಾಖಾನ್ಯಾಗ ಅದ ಏನ್ರಿ?” ಅಂತ ಕೇಳಿದಳು. ಅದ ಅಂದರು ಬಾಯಿಯವರು. ಆ ಹೆಣ್ಣುಮಗಳು ಅಲ್ಲೇ, ನಲ್ಲಿಯ ಮುಂದೆ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಸತ್ತು ಹೋದ ಮಾವನನ್ನು ಅಷ್ಟು ದೂರದ ಊರಿನಲ್ಲಿ ಯಾರೋ ನೆನಪಿಟ್ಟಿದ್ದಾರೆ ಅಂತ ಅವಳಿಗೆ ಸಮಾಧಾನ. ನನ್ನ ರಿಜಿಸ್ಟರಿನಲ್ಲಿ ಆ ಮಾವ ‘ಆರಾಮ’ ಇದ್ದ.

ಸಂಜೆಯೊಳಗೆ ಐದು ಜನರ ಸುದ್ದಿ ಸಿಕ್ಕಿತು. ಆ ಯಾತ್ರಿಕರ ಕೈಯಲ್ಲೇ ಚೀಟಿ ಕಳಿಸಿ, ಮುಂದಿನ ವಾರಗಳಲ್ಲಿ ಇನ್ನು ಮೂರು ಜನರದ್ದು ಸಿಕ್ಕಿತು. ಎಂಟರಲ್ಲಿ ಆರು ಜನ ತೀರಿಹೋಗಿದ್ದರು, ಗಾಜಿನಲ್ಲಿ ಬಣ್ಣವೇ ಬಾರದ ಆರು ಜನ. ಕಂದಿನಲ್ಲಿ ಅದ್ದಿದ್ದ ಆ ಒಂಬತ್ತನೆಯವನ ಸುಳಿವು ಮಾತ್ರ ಸಿಗಲಿಲ್ಲ. ನನ್ನ ಚಂದದ ಕೋಷ್ಟಕ ಮಣ್ಣುಗೂಡಿತು.

ಸರ್ ಕೆಟ್ಟವರಲ್ಲ. ಇದನ್ನು ಬಾಯಿಯವರೂ ಹೇಳುತ್ತಿದ್ದರು. ಅವರಿಗೆ ಅವಸರ, ಅಷ್ಟೇ. ದೊಡ್ಡ ಸಮ್ಮೇಳನವೊಂದಕ್ಕೆ ಈ ಕೋಷ್ಟಕದ ಸಾರಾಂಶ ಆಗಲೇ ಹೋಗಿಬಿಟ್ಟಿತ್ತು. ನಾನು ಹೊಸ ಹಾಳೆ ಇಟ್ಟಾಗ ಅವರ ಮುಖ ಬಿಳಿಚಿತು. ಖಾನಾವಳಿಯ ಹರಟೆಯನ್ನು ವಿಜ್ಞಾನಕ್ಕೆ ತರಬೇಡ ಅಂದರು. ಹಳೆಯ ಕೋಷ್ಟಕವಿದ್ದರೆ ಇವತ್ತೇ ಸಹಿ, ಇಲ್ಲದಿದ್ದರೆ ಇಲ್ಲ ಅಂದರು. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ.

ಬಾಗಿಲು ತಳ್ಳಿಕೊಂಡು ಬಾಯಿಯವರು ಒಳಗೆ ಬಂದರು. ಕೈಯಲ್ಲಿ ಆ ತಂತಿ. ಸರ್ ಮೇಜಿನ ಗಾಜಿನ ಮೇಲೆ ಅದನ್ನು ಇಟ್ಟರು, ಕಾರ್ಡುಗಳು ಒಂದು ಕಡೆ ವಾಲಿದವು. “ಖೋಟಂ ಲಿಹಿಣಾರ ನಾಹೀ ಸರ್, ತೀ ಪಣ ನಾಹೀ, ಮೀ ಪಣ ನಾಹೀ” ಅಂದರು. ಸುಳ್ಳು ಬರೆಯುವುದಿಲ್ಲ, ಅವಳೂ ಇಲ್ಲ, ನಾನೂ ಇಲ್ಲ. ನನ್ನನ್ನು ಕೇಳದೆಯೇ ನನ್ನ ಪರವಾಗಿಯೂ ಹೇಳಿಬಿಟ್ಟರು! ಜೀವಮಾನದಲ್ಲಿ ಅವರು ಕೇಳದೆ ಹೇಳಿದ್ದು ಅದೊಂದೇ ಮಾತು ಇರಬೇಕು.

ಹೊರಗೆ ಬಂದು ನಾನು ಅತ್ತೆ. ಅಪ್ಪನಿಗೆ ಏನು ಹೇಳಲಿ ಅಂದೆ. ಅವರು ಸಮಾಧಾನ ಮಾಡಲಿಲ್ಲ.

“ಬರಿಯಾಕಿ ನೀನು. ಒಳಗ ನಾ ಬಾಯಿ ಜೋರು ಮಾಡಿ ಬಂದೀನಿ, ಖರೇ. ನಿನಗ ಆಗೂದಿಲ್ಲಂದ್ರ ಹೋಗಿ ಹಳೇದು ಕೊಡು. ನಾ ಸಿಟ್ಟ ಆಗೂದಿಲ್ಲ. ಆದ್ರ ನಾಳಿಂದ ನನ್ನ ಡಬ್ಬಿಗೆ ಕೈ ಹಾಕಬ್ಯಾಡ.”

ಆ ರಾತ್ರಿ ಹೊಸ ಕೋಷ್ಟಕವನ್ನೇ ಟೈಪು ಮಾಡಿಸಿದೆ. ಆರು ಜನರ ಮುಂದೆ ಮೃತ, ಇಬ್ಬರ ಮುಂದೆ ಆರಾಮ, ಒಬ್ಬನ ಮುಂದೆ ಸಂಪರ್ಕವಿಲ್ಲ. ಸರ್ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು, ಕೊನೆಯ ತಾರೀಖು ದಾಟುವವರೆಗೆ ಕಾದು, ಮರುದಿನ ಸಹಿ ಮಾಡಿದರು. ನನಗೆ ಆರು ತಿಂಗಳು ಹೋಯಿತು. ಅಪ್ಪ ಮೂರು ವಾರ ಪತ್ರ ಬರೆಯಲಿಲ್ಲ. ಬಾಯಿಯವರಿಗೆ ಮೆಮೋ ಬಂತು: ಶಿಸ್ತು ಮೀರಿದ್ದಕ್ಕಾಗಿ ಕೊಯ್ಯುವ ಕೋಣೆಯಿಂದ ಕೆಳಗಿನ ರಕ್ತ ತೆಗೆಯುವ ಕೌಂಟರಿಗೆ ವರ್ಗ.

ಇಪ್ಪತ್ತು ವರ್ಷ ಯಾರಿಗೂ ಮುಟ್ಟಗೊಡದ ಅಲಗನ್ನು ಅವತ್ತು ಅವರು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟರು. ನಾನು ಕ್ಷಮಿಸಿರಿ ಬಾಯಾರ ಅಂದೆ. “ನೀ ಯಾಕ? ನಾ ಹೇಳಿದ್ದು ಸುಳ್ಳೇನು?” ಅಂದು ಮೆಟ್ಟಿಲಿಳಿದು ಹೋದರು. ಅವರಿಗೆ ನೋವಾಗಿತ್ತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು. ಮೇಲೆ ಬೇರೆಯವರು ಕೊಯ್ದ ಪದರುಗಳು ಹರಿಯತೊಡಗಿದಾಗ, ಸರ್ ಒಂದು ಗಂಟೆಯ ಮಟ್ಟಿಗೆ ಬಂದುಹೋಗಿ ಅಂತ ಹೇಳಿಕಳಿಸಿದರು. “ಕೌಂಟರ್ ಬಿಟ್ಟು ಕದಲಬಾರ್ದಂತ ಮೆಮೋದಾಗ ಅದ. ನಾ ಶಿಸ್ತಿನಾಕಿ” ಅಂತ ಉತ್ತರ ಹೋಯಿತು. ಶಾಂತ ಸ್ವಭಾವವಂತೆ!

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಹಾಗಾದರೆ ಈ ಪ್ರೋಟೀನು ಭವಿಷ್ಯ ಹೇಳುತ್ತದೋ ಇಲ್ಲವೋ ಅಂತ ಕೇಳಿದರು. ಇಷ್ಟು ಜನರಿಂದ ಹೇಳಲಾಗುವುದಿಲ್ಲ ಸರ್, ಆದರೆ ಒಬ್ಬರನ್ನು ಬಿಟ್ಟು ಎಲ್ಲರನ್ನೂ ವಿಚಾರಿಸಿದ್ದೇವೆ ಅಂದೆ. ಪಾಸಾದೆ. ಪೇಢೆ ಹಿಡಿದುಕೊಂಡು ಕೌಂಟರಿಗೆ ಓಡಿದರೆ, ಅವರು ಒಂದು ಪೇಢೆ ಬಾಯಿಗೆ ಹಾಕಿಕೊಂಡು, “ಒಬ್ಬಾತ ಉಳದಾನ” ಅಂದರು. ನನಗೆ ಮೈಯೆಲ್ಲ ಉರಿಯಿತು. ಈಗ ಅದರಿಂದ ಏನಾಗಬೇಕಿದೆ?

ಎರಡು ಸಾವಿರದ ಇಸವಿ ಕಳೆದಿತ್ತು. ನಾನು ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕೋಥರೂಡಿನಲ್ಲಿ ಮನೆ ಮಾಡಿದ್ದೆ. ಬಾಯಿಯವರ ನಿವೃತ್ತಿಗೆ ಕೆಲವೇ ತಿಂಗಳಿತ್ತು. ಒಂದು ಬೆಳಗ್ಗೆ ಕೆಳಗಿನಿಂದ ಫೋನು ಬಂತು: “ಇದ್ದ ಹಂಗ ಇಳದು ಬಾ.”

ಕೌಂಟರಿನ ಬೆಂಚಿನ ಮೇಲೆ ಒಬ್ಬ ಮುದುಕ ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಕೂತಿದ್ದರು. ಇಳಕಲ್ಲಿನವರು, ನೂಲಿಗೆ ಬಣ್ಣ ಹಾಕುವವರು. ವಿಮಾನ ನಗರದಲ್ಲಿದ್ದ ಮಗಳ ಮನೆಗೆ ಬಂದವರು ಸಕ್ಕರೆ ಕಾಯಿಲೆ ನೋಡಿಸಲು ಬಂದಿದ್ದರು. ಇಷ್ಟು ವರ್ಷವೂ ಬಾಯಿಯವರು ಸೂಜಿ ಚುಚ್ಚುವ ಮೊದಲು ಕನ್ನಡದವರನ್ನೆಲ್ಲ ಕೇಳುತ್ತಲೇ ಇದ್ದರಂತೆ, ಯಾವೂರವ್ರೀ ಅಂತ.

“ನಾ ಸತ್ತೀನಂತ ಬರದಿದ್ರಂತಲ್ಲ ತಂಗಿ?” ಅಂದು ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ನನಗೆ ನಗಲಾಗಲಿಲ್ಲ. ಬಾಯಿಯವರು ಕೌಂಟರಿನ ಮೇಲೆ ‘ಊಟಕ್ಕೆ ಹೋಗಿದ್ದಾರೆ’ ಫಲಕ ಇಟ್ಟರು, ಬೆಳಗಿನ ಹತ್ತೂವರೆಗೆ. “ಮೆಮೋ ಕೊಡ್ಲಿ. ನಡೀರಿ ಗ್ರಂಥಾಲಯಕ್ಕ.”

ಗ್ರಂಥಪಾಲಕರು ನನ್ನ ಥೀಸಿಸ್ ತೆಗೆದುಕೊಟ್ಟರು. ಕಪ್ಪು ರಟ್ಟು, ಚಿನ್ನದ ಅಕ್ಷರ. ಆ ಕೋಷ್ಟಕದ ಪುಟ ತೆಗೆದೆ. ಮುದುಕರ ಸಾಲಿನ ‘ಸಂಪರ್ಕವಿಲ್ಲ’ ಅನ್ನುವುದನ್ನು ಪೆನ್ನಿನಿಂದ ಹೊಡೆದು ಹಾಕಿದೆ. ಗ್ರಂಥಪಾಲಕರು ಎದ್ದು ನಿಂತು ಕೂಗಿದರು, ಸಂಸ್ಥೆಯ ಪ್ರತಿಯಲ್ಲಿ ಗೀಚುತ್ತೀರಾ, ಇದು ಅಪರಾಧ, ರಿಪೋರ್ಟು ಮಾಡುತ್ತೇನೆ ಅಂತ. ನನ್ನ ಕೈ ಒಂದು ಕ್ಷಣ ನಿಂತಿತು. ಕೆಲಸ ಹೊಸದು, ಹೆದರಿಕೆ ಹಳೆಯದು.

“ಮಾಡ್ರಿ ರಿಪೋರ್ಟ್. ಮೂರೂ ಮಂದಿ ಹೆಸರು ಬರೀರಿ. ತಂಗಿ, ನೀ ಬರಿ” ಅಂದರು ಬಾಯಿಯವರು.

ಜೀವಂತ ಅಂತ ಇಂಗ್ಲಿಷಿನಲ್ಲಿ ಬರೆದೆ. ಮುದುಕರು ಬಗ್ಗಿ ನೋಡಿದರು. ಸಾಲಿನಲ್ಲಿ ನಂಬರು ಮಾತ್ರ ಇತ್ತು, ಹೆಸರಿರಲಿಲ್ಲ.

“ಇದು ನಾನೇನ್ರಿ?”

“ಹೌದ್ರಿ, ನೀವ.”

“ಮತ್ತ ನಾನೂ ಒಂದು ಸಹಿ ಮಾಡ್ಲೇನು?”

ನಾನು ಬಾಯಿಯವರ ಮುಖ ನೋಡಿದೆ. ಅವರು ನನ್ನ ಕೈಯಿಂದ ಪೆನ್ನು ತೆಗೆದು ಮುದುಕರಿಗೆ ಕೊಟ್ಟರು. ಬೆರಳ ಸಂದಿಯಲ್ಲಿ ಹೋಗದೆ ಉಳಿದ ನೀಲಿ ಬಣ್ಣದ ಆ ಕೈ, ಅಚ್ಚಾದ ಕೋಷ್ಟಕದ ಗೆರೆಗಳನ್ನೆಲ್ಲ ದಾಟಿಕೊಂಡು, ದೊಡ್ಡ ಕನ್ನಡ ಅಕ್ಷರಗಳಲ್ಲಿ ತನ್ನ ಹೆಸರನ್ನು ಪೂರ್ತಿ ಬರೆಯಿತು.